ವಿಜ್ಞಾನಿಯೊಬ್ಬರು ಇತಿಹಾಸಪೂರ್ವ ಕಾಲಕ್ಕೆ ಹೋದರೆ ನಮ್ಮ ಹಾಸನ, ಚಿಕ್ಕಮಗಳೂರಿನ ನೆಲದಲ್ಲಿ ಮೊದಲು ಏನು ಅಳೆಯಬೇಕು?

ಹೇಮಾವತಿ ದಂಡೆ

ಒಂದು ಪ್ರಶ್ನೆ ಇಡುತ್ತಿದ್ದೇನೆ, ವಿಷಯ ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ. ಒಬ್ಬ ವಿಜ್ಞಾನಿಯನ್ನು ಹಿಂದಿನ ಯಾವುದಾದರೂ ಕಾಲಕ್ಕೆ ಕಳಿಸಬಹುದು ಅಂದುಕೊಳ್ಳೋಣ. ಕಾಲ ನಿಮ್ಮ ಆಯ್ಕೆ, ಜಾಗ ಮಾತ್ರ ಇದೇ: ಸಕಲೇಶಪುರದಿಂದ ಅರಸೀಕೆರೆ, ಮೂಡಿಗೆರೆಯಿಂದ ಬಾಬಾಬುಡನ್‌ಗಿರಿ. ಬೆನ್ನಿಗೆ ಹೊರುವಷ್ಟು ಸಾಮಾನು, ಅಂದರೆ 25 ಕೆ.ಜಿ. ವಾಪಸು ಬರುವುದು ಖಾತ್ರಿಯಿಲ್ಲ. ಯಾವ ಕಾಲ, ಯಾವ ಅಳತೆ, ಯಾವ ಉಪಕರಣ? ಡೈನೋಸಾರ್ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನೋಡಿ ಏನು ಬರೆದುಕೊಳ್ಳಬೇಕು ಅನ್ನುವುದು ಬೇಕಾಗಿದೆ.

ಗೊರೂರು ಕಲ್ಲು

ಮೊದಲು ನಮ್ಮ ನೆಲದಲ್ಲಿ ಯಾವ ದಾಖಲೆ ಇದೆ, ಯಾವುದು ಇಲ್ಲ ಎಂದು ನೋಡಬೇಕು. ಕಲ್ಲು ಆಗಲೇ ಹೇಳಿರುವುದನ್ನು ಕೇಳಲು ಅಷ್ಟು ದೂರ ಹೋಗಬೇಕಿಲ್ಲ.

ಗೊರೂರಿನ ಸುತ್ತ ಸಿಗುವ ಪಟ್ಟೆಪಟ್ಟೆಯ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಹೊಳೆನರಸೀಪುರ, ನುಗ್ಗೇಹಳ್ಳಿಯ ಶಿಸ್ಟ್ (ಪದರುಪದರಾದ ಶಿಲೆ) ಪಟ್ಟಿಗಳು ಕೂಡ ಬಹಳ ಹಳೆಯವು. ಬೈರಾಪುರದ ಕ್ರೋಮೈಟ್ ಗಣಿ ಇರುವುದು ಈ ನುಗ್ಗೇಹಳ್ಳಿ ಪಟ್ಟಿಯಲ್ಲೇ. ಬಾಬಾಬುಡನ್ ಮತ್ತು ಕುದುರೆಮುಖದ ಕಬ್ಬಿಣದ ಪದರಶಿಲೆ ಸುಮಾರು 270 ಕೋಟಿ ವರ್ಷದ್ದು. ಇಷ್ಟಾದ ಮೇಲೆ ಅಲ್ಲಲ್ಲಿ ಸೀಳಿಕೊಂಡು ಬಂದ ಡೈಕ್‌ಗಳನ್ನು (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸ) ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಮೇಲೆ ಸಿಗುವುದು ಜಂಬಿಟ್ಟಿಗೆ, ಕೆಮ್ಮಣ್ಣು, ಹೊಳೆದಂಡೆಯ ಮೆಕ್ಕಲು. ಪಹಣಿಯಲ್ಲಿ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ತುಂಬಿ, ನಡುವಿನ ಇನ್ನೂರು ಕೋಟಿಗೂ ಹೆಚ್ಚು ವರ್ಷ ಖಾಲಿ ಬಿಟ್ಟ ಹಾಗೆ.

ಡೈನೋಸಾರ್ ಕಾಲ ಬಿದ್ದಿರುವುದು ಆ ಖಾಲಿ ಜಾಗದಲ್ಲೇ. ಮೂಳೆ ಸಿಗುವುದು ಗುಜರಾತಿನ ರಹಿಯೋಲಿಯಲ್ಲಿ, ನರ್ಮದೆಯ ಕಡೆ, ಮಹಾರಾಷ್ಟ್ರದ ಪಿಸ್ದೂರದಲ್ಲಿ, ದಕ್ಷಿಣಕ್ಕೆ ಬಂದರೆ ತಮಿಳುನಾಡಿನ ಅರಿಯಲೂರಿನ ಸಮುದ್ರದ ಪದರಗಳಲ್ಲಿ. ಹಾಸನದಲ್ಲಿ ಆ ಪ್ರಾಣಿಗಳು ಓಡಾಡಿರಬಹುದು, ಆದರೆ ಅವು ಓಡಾಡಿದ ನೆಲವೇ ಈಗ ಇಲ್ಲ. ಈ ಪ್ರಸ್ಥಭೂಮಿ ದಶಲಕ್ಷ ವರ್ಷಕ್ಕೆ 10 ಮೀಟರ್ ಆಸುಪಾಸು ಸವೆಯುತ್ತದೆ ಎಂದು ಹಿಡಿದರೂ, 6.6 ಕೋಟಿ ವರ್ಷದ ಹಿಂದಿನ ಮೇಲ್ಮೈ ಇಂದಿನ ನಮ್ಮ ತಲೆಯಿಂದ ನೂರಾರು ಮೀಟರ್ ಮೇಲಿತ್ತು. ಹಾಗಾಗಿ ನನ್ನ ಆಯ್ಕೆ ಆ ಖಾಲಿ ಸಾಲು.

ಅರಸೀಕೆರೆ ಬಯಲು

ಗೊರೂರು ಕಲ್ಲು ಸಾರ್, 270 ಕೋಟಿ ವರ್ಷದ ಹಿಂದಕ್ಕೆ ಯಾಕೆ ಬೇಡ? ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯ ಗುಂಡುಕಲ್ಲಿನ ಪದರಕ್ಕಿಂತ ದೊಡ್ಡ ವಿಷಯ ನಮ್ಮ ಜಿಲ್ಲೆಗಳಲ್ಲಿ ಇನ್ನೇನಿದೆ?

ಗೊರೂರು ಕಲ್ಲು

ದೊಡ್ಡ ವಿಷಯವೇ, ಅನುಮಾನವಿಲ್ಲ. ಬಾಬಾಬುಡನ್ ಸಮೂಹದ ತಳದಲ್ಲಿ ಬೆಣಚುಕಲ್ಲಿನ ಗುಂಡುಗಳು ಸೇರಿ ಗಟ್ಟಿಯಾದ ಪದರವಿದೆ, ಅದು ಹಳೆಯ ನದಿಯ ಹಾಸು. ಈ ಪದರಗಳಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಮತ್ತು ಯುರೇನಿನೈಟ್ (ಯುರೇನಿಯಂ ಖನಿಜ) ಕಣಗಳು ಮರಳಿನ ಜೊತೆ ಉರುಳಿ ಬಂದು ಕೂತಿವೆ. ಇವತ್ತಿನ ಗಾಳಿಯಲ್ಲಿ ಪೈರೈಟ್ ಹೊಳೆಯಲ್ಲಿ ಉರುಳಿದರೆ ತುಕ್ಕು ಹಿಡಿದು ಹೋಗುತ್ತದೆ, ಯುರೇನಿನೈಟ್ ನೀರಿನಲ್ಲಿ ಕರಗಿ ಹೋಗುತ್ತದೆ. ಎರಡೂ ಉಳಿದಿವೆ ಅಂದರೆ ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಅದು ಗಾಳಿಯಲ್ಲಿ ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅಂದರೆ ನೀವು ಕೇಳಬೇಕೆಂದಿರುವ ಮುಖ್ಯ ಪ್ರಶ್ನೆಗೆ ಕಲ್ಲು ಉತ್ತರ ಕೊಟ್ಟಾಗಿದೆ.

ಮಲ್ಲಂದೂರು

ಪೂರ್ತಿ ಕೊಟ್ಟಿಲ್ಲ ಸಾರ್. ಗಾಳಿಯಲ್ಲಿ ಏನಿರಲಿಲ್ಲ ಎಂದು ಗೊತ್ತಾಗಿದೆ, ಒಟ್ಟು ಗಾಳಿ ಎಷ್ಟಿತ್ತು ಎಂಬುದು ಇನ್ನೂ ಚರ್ಚೆಯಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ 270 ಕೋಟಿ ವರ್ಷದ ಬೂದಿಯ ಮೇಲೆ ಬಿದ್ದ ಮಳೆಹನಿಯ ಗುಳಿಗಳನ್ನು ಅಳೆದು ಲೆಕ್ಕ ಹಾಕಿದರು. ಆಸ್ಟ್ರೇಲಿಯಾದಲ್ಲಿ ಅದೇ ಕಾಲದ ಲಾವಾದೊಳಗಿನ ಗುಳ್ಳೆಗಳನ್ನು ಅಳೆದು, ಒತ್ತಡ ಈಗಿನ ಅರ್ಧಕ್ಕಿಂತ ಕಡಿಮೆ ಇತ್ತು ಎಂದರು. ಅಲ್ಲಿ ನಿಂತವರಿಗೆ ಇದು ಹತ್ತು ನಿಮಿಷದ ಕೆಲಸ. ಸಣ್ಣ ಪಾತ್ರೆಯಲ್ಲಿ ಶುದ್ಧ ನೀರು ಕುದಿಸಿ, ಥರ್ಮಾಮೀಟರನ್ನು ನೀರಿನೊಳಗೆ ಅದ್ದದೆ, ಮೇಲಿನ ಹಬೆಯಲ್ಲಿ ಹಿಡಿಯಬೇಕು. ನೀರಿನೊಳಗೆ ಅದ್ದಿದರೆ ತಳದ ಬಿಸಿ ಮತ್ತು ಕರಗಿದ ಲವಣದಿಂದ ಅಂಕಿ ಜಾಸ್ತಿ ತೋರುತ್ತದೆ. ಇವತ್ತು ಹಾಸನದ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಒತ್ತಡ ಸಮುದ್ರಮಟ್ಟದ ಈಗಿನ ಅರ್ಧ ಇದ್ದರೆ ಸುಮಾರು 82 ಡಿಗ್ರಿಗೇ ಕುದಿಯುತ್ತದೆ. ವ್ಯತ್ಯಾಸ ಇಷ್ಟು ದೊಡ್ಡದಾದ್ದರಿಂದ ಸಾಧಾರಣ ಥರ್ಮಾಮೀಟರ್ ಸಾಕು. ಆದರೆ ನಿಂತ ಜಾಗದ ಎತ್ತರ ಗೊತ್ತಿಲ್ಲದೆ ಈ ಅಂಕಿಗೆ ಅರ್ಥವಿಲ್ಲ, ಸಮುದ್ರದಂಡೆಗೆ ಇಳಿದು ಅಳೆದರೆ ಮಾತ್ರ ಒಪ್ಪುವ ಹಾಗಿರುತ್ತದೆ.

ತೊಡಕು ಉಸಿರಿನದ್ದು. ಆಮ್ಲಜನಕವೇ ಇಲ್ಲದ ಗಾಳಿಯನ್ನು ಎರಡು ಮೂರು ಸಲ ಒಳಗೆಳೆದುಕೊಂಡರೆ ಹದಿನೈದು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ಅಗ್ನಿಶಾಮಕದವರು ಬೆನ್ನಿಗೆ ಕಟ್ಟುವ 6.8 ಲೀಟರ್ ಸಿಲಿಂಡರ್ 300 ಬಾರ್‌ಗೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ 50 ನಿಮಿಷ. ಮಂಗಳೂರಿನ ಕಡೆ ಇಳಿಯಲು ಅದು ಎಲ್ಲಿ ಸಾಕು? ಇದೇ ಕಾರಣಕ್ಕೆ, ಮನಸ್ಸು ಎಷ್ಟು ಎಳೆದರೂ, 270 ಕೋಟಿಯನ್ನು ಬಿಟ್ಟು ನಾನೂ ಖಾಲಿ ಸಾಲಿಗೆ ಬರುತ್ತೇನೆ.

ರಾತ್ರಿ ಆಕಾಶ

ಹೋದ ಕೂಡಲೇ ಮಾಡಬೇಕಾದ ಕೆಲಸ ಒಂದೇ: ಯಾವ ಕಾಲಕ್ಕೆ ಬಂದಿದ್ದೇವೆ ಎಂದು ಕಂಡುಕೊಳ್ಳುವುದು. ಇದು ಸರಿಯಾಗದಿದ್ದರೆ ಉಳಿದ ಯಾವ ಅಳತೆಯೂ ಉಪಯೋಗಕ್ಕೆ ಬರುವುದಿಲ್ಲ.

ಕೆಲವು ಸಾವಿರ ವರ್ಷದ ಹಿಂದೆ ಮಾತ್ರವಾದರೆ ಆಕಾಶ ನೋಡಿದರೆ ಸಾಕು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. 5,000 ವರ್ಷದ ಹಿಂದೆ ಧ್ರುವದ ಹತ್ತಿರ ಇದ್ದದ್ದು ಥೂಬನ್ ನಕ್ಷತ್ರ, ಸುಮಾರು 14,000 ವರ್ಷದ ಹಿಂದೆ ಅಭಿಜಿತ್ ಆ ಕಡೆಗಿತ್ತು. ಲಕ್ಷಾಂತರ ವರ್ಷ ದಾಟಿದರೆ ನಕ್ಷತ್ರಗಳೇ ಜಾಗ ಬದಲಿಸಿರುತ್ತವೆ, ಸಪ್ತರ್ಷಿ ಮಂಡಲ ಗುರುತಿಗೇ ಸಿಗುವುದಿಲ್ಲ.

ಆಗ ಹಿಡಿಯಬೇಕಾದದ್ದು ಹಗಲು ರಾತ್ರಿಯ ಉದ್ದ. ಚಂದ್ರನ ಸೆಳೆತದಿಂದ ಭೂಮಿಯ ತಿರುಗುವಿಕೆ ನಿಧಾನವಾಗುತ್ತಾ ಬಂದಿದೆ. 7 ಕೋಟಿ ವರ್ಷದ ಹಿಂದಿನ ಚಿಪ್ಪುಜೀವಿಯೊಂದರ ದಿನದ ಗೆರೆಗಳನ್ನು ಎಣಿಸಿದಾಗ ವರ್ಷಕ್ಕೆ 372 ದಿನ ಬಂದವು, ಅಂದರೆ ದಿನಕ್ಕೆ 23 ಗಂಟೆ 31 ನಿಮಿಷ. ಸುಮಾರು 40 ಕೋಟಿ ವರ್ಷದ ಹಿಂದಿನ ಹವಳಗಳಲ್ಲಿ ವರ್ಷಕ್ಕೆ 400 ದಿನದ ಆಸುಪಾಸು. ಇದು ಕಲ್ಲಾದ ಚಿಪ್ಪಿನಿಂದ ಬಂದ ಲೆಕ್ಕ, ನೇರವಾಗಿ ಅಳೆದವರು ಯಾರೂ ಇಲ್ಲ.

ಅಳೆಯುವುದು ಹೀಗೆ. ಬಯಲಿನಲ್ಲಿ 3 ಮೀಟರ್ ಅಂತರದಲ್ಲಿ ಎರಡು ಗಳ ನೆಟ್ಟು, ಎರಡರಿಂದಲೂ ಗಾರೆಯವರ ತೂಗುಗುಂಡು ಇಳಿಬಿಡಿ. ಗಾಳಿಗೆ ದಾರ ಅಲ್ಲಾಡಿದರೆ ಅಳತೆ ಕೆಡುತ್ತದೆ, ಅದಕ್ಕೆ ಗುಂಡು ನೀರಿನ ಪಾತ್ರೆಯಲ್ಲಿ ಮುಳುಗಿರಲಿ. ಎರಡು ದಾರವೂ ಒಂದೇ ಗೆರೆಯಾಗಿ ಕಾಣುವಂತೆ ಕೂತು, ಒಂದು ಪ್ರಕಾಶವಾದ ನಕ್ಷತ್ರ ಆ ಗೆರೆ ದಾಟುವ ಕ್ಷಣವನ್ನು ಕ್ವಾರ್ಟ್ಜ್ ಗಡಿಯಾರದಲ್ಲಿ ಬರೆದುಕೊಳ್ಳಿ. ಮರುರಾತ್ರಿ ಅದೇ ನಕ್ಷತ್ರ, ಅದೇ ಗೆರೆ. ಗೆರೆ ಸರಿಯಾಗಿ ಉತ್ತರ ದಕ್ಷಿಣ ಇಲ್ಲದಿದ್ದರೂ ಚಿಂತೆಯಿಲ್ಲ, ನಕ್ಷತ್ರ ಸುತ್ತಿ ಬಂದು ದಾಟುವುದು ಅದೇ ಗೆರೆಯನ್ನು. ಗಡಿಯಾರ ತಿಂಗಳಿಗೆ 15 ಸೆಕೆಂಡ್ ತಪ್ಪಿದರೂ ದಿನಕ್ಕೆ ಅರ್ಧ ಸೆಕೆಂಡ್, ನಾವು ಹುಡುಕುತ್ತಿರುವುದು 29 ನಿಮಿಷದ ವ್ಯತ್ಯಾಸ. ಗಡಿಯಾರವನ್ನು ರಾತ್ರಿ ಬಂಡೆಯ ಮೇಲೆ ಬಿಚ್ಚಿಡಬೇಡಿ, ಕೈಯಲ್ಲೇ ಕಟ್ಟಿರಿ. ಶಾಖ ಏರಿಳಿದರೆ ಕ್ವಾರ್ಟ್ಜ್ ತಪ್ಪುತ್ತದೆ. ನಕ್ಷತ್ರದ ದಿನಕ್ಕೂ ಸೂರ್ಯನ ದಿನಕ್ಕೂ ಸುಮಾರು 4 ನಿಮಿಷದ ವ್ಯತ್ಯಾಸ ಇದೆ ಎಂಬುದನ್ನು ಮರೆತರೆ ಸುಮಾರು ಒಂದು ಕೋಟಿ ವರ್ಷ ಲೆಕ್ಕ ತಪ್ಪಿಹೋಗುತ್ತದೆ.

ಇನ್ನೊಂದು ಸಾಕ್ಷಿ ದಿಕ್ಸೂಚಿ. ಡೆಕ್ಕನ್ ಲಾವಾ ಉಕ್ಕಿದ 6.6 ಕೋಟಿ ವರ್ಷದ ಹಿಂದೆ ಭೂಮಿಯ ಕಾಂತಕ್ಷೇತ್ರ ತಿರುವುಮುರುವಾಗಿತ್ತು. ಮುಳ್ಳಿನ ಉತ್ತರದ ತುದಿ ದಕ್ಷಿಣಕ್ಕೆ ತೋರಿಸಬೇಕು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆ ಹುಟ್ಟಿದ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಸುಮಾರು 8.8 ಕೋಟಿ ವರ್ಷದ ಹಿಂದಾದರೆ ಮುಳ್ಳು ಈಗಿನಂತೆಯೇ ನಿಲ್ಲುತ್ತದೆ. ಎರಡು ಕಾಲದಲ್ಲೂ ಹಾಸನ ಇದ್ದದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ, ಆದ್ದರಿಂದ ಅಕ್ಷಾಂಶ ತಿಳಿಯಲು ದಕ್ಷಿಣ ಧ್ರುವದ ಎತ್ತರ ಅಳೆಯಬೇಕು. ಗೂಟದ ನೆರಳು ನಂಬಿ ದಿಕ್ಕು ಹಿಡಿಯುವ ನಮ್ಮ ರೂಢಿ ಅಲ್ಲಿ ಮೋಸ ಮಾಡುತ್ತದೆ.

ಮಲ್ಲಂದೂರು

ಕಾಲ ಗೊತ್ತಾದ ಮೇಲೆ ಗಾಳಿ. ಇಂಗಾಲದ ಡೈಆಕ್ಸೈಡ್ ಅಳೆಯಲು ವಿದ್ಯುತ್ ಯಂತ್ರ ಬೇಡ, ಹತ್ತೊಂಬತ್ತನೇ ಶತಮಾನದ ಪೆಟೆನ್‌ಕೋಫರ್ ವಿಧಾನ ಸಾಕು. 5 ಲೀಟರಿನ ಒಣ ಗಾಜಿನ ಬುರುಡೆಗೆ ಕೈಪಂಪಿನಿಂದ ಗಾಳಿ ತುಂಬಿ. 0.005 ಮೋಲಾರ್ ಬೇರಿಯಂ ಹೈಡ್ರಾಕ್ಸೈಡ್ 50 ಮಿ.ಲೀ. ಹಾಕಿ ಮುಚ್ಚಿ, ಅರ್ಧ ಗಂಟೆ ಆಗಾಗ ಕುಲುಕಿ. ಬಿಳಿ ಬೇರಿಯಂ ಕಾರ್ಬೊನೇಟ್ ಕೂರುತ್ತದೆ. ಉಳಿದ ಕ್ಷಾರವನ್ನು ಫಿನಾಫ್ತಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಹಾಕಿ, ಅದೇ ಸಾಂದ್ರತೆಯ ಆಕ್ಸಾಲಿಕ್ ಆಮ್ಲದಿಂದ ತೊಟ್ಟುತೊಟ್ಟಾಗಿ ಇಳಿಸಿ. ಗಾಳಿಯಲ್ಲಿ ದಶಲಕ್ಷಕ್ಕೆ 400 ಭಾಗ ಇದ್ದರೆ, 25 ಡಿಗ್ರಿಯಲ್ಲಿ ಸಮುದ್ರಮಟ್ಟದ ಒತ್ತಡಕ್ಕೆ, 50ರ ಬದಲು ಸುಮಾರು 33.7 ಮಿ.ಲೀ. ಆಮ್ಲ ಹಿಡಿಯುತ್ತದೆ. 1,000 ಭಾಗ ಇದ್ದರೆ ಬರೀ 9 ಮಿ.ಲೀ. ಚಿಲ್ಲರೆ.

ಎಲ್ಲಿ ತಪ್ಪುತ್ತದೆ ಅಂದರೆ, ನಾವು ಬಿಡುವ ಉಸಿರಿನಲ್ಲಿ ದಶಲಕ್ಷಕ್ಕೆ 40,000 ಭಾಗ ಇರುತ್ತದೆ. ಗಾಳಿ ಬರುವ ಕಡೆಗೆ ಮುಖಮಾಡಿ, ಬುರುಡೆಯ ಬಾಯಿ ಮುಂದೆ ಚಾಚಿ ಹಿಡಿಯಬೇಕು. ಕಾಡಿನೊಳಗೆ ಬೆಳಗಿನ ಜಾವ ಮಣ್ಣಿನ ಉಸಿರು ಕೆಳಗೆ ನಿಂತಿರುತ್ತದೆ, ಅದಕ್ಕೆ ಗುಡ್ಡದ ನೆತ್ತಿಯಲ್ಲಿ ಮಧ್ಯಾಹ್ನ ಅಳೆಯಿರಿ. ಗುಲಾಬಿ ಬಣ್ಣ ಮೊದಲ ಸಲ ಮಾಯವಾದ ಕೂಡಲೇ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿದರೆ ಮತ್ತೆ ಆಮ್ಲ ಹಾಕಬೇಡಿ, ಬಿಳಿ ಗಷ್ಟು ಕರಗಲು ಶುರುವಾಗಿರುತ್ತದೆ.

ಆಮ್ಲಜನಕಕ್ಕೆ 100 ಮಿ.ಲೀ. ಅನಿಲದ ಬ್ಯೂರೆಟ್, ಅಂದರೆ ಅಳತೆಯ ಗೆರೆ ಇರುವ ಗಾಜಿನ ಕೊಳವೆ. ಮೊದಲು ಇಂಗಾಲದ ಡೈಆಕ್ಸೈಡ್ ಹೀರುವ ಪೊಟ್ಯಾಷ್ ದ್ರಾವಣದಲ್ಲಿ ಹಾಯಿಸಿ, ಆಮೇಲೆ ಆಮ್ಲಜನಕ ಹೀರುವ ಕ್ಷಾರದ ಪೈರೋಗ್ಯಾಲೋಲ್‌ನಲ್ಲಿ. ಕ್ರಮ ತಿರುಗಿಸಿದರೆ ಪೈರೋಗ್ಯಾಲೋಲ್ ದ್ರಾವಣ ಎರಡನ್ನೂ ನುಂಗಿ ಲೆಕ್ಕ ಕೆಡುತ್ತದೆ. ಎರಡು ಸಲ ಒಂದೇ ಅಂಕಿ ಬರುವವರೆಗೆ ಹಾಯಿಸಿ. ಇವತ್ತಿನ ಗಾಳಿಯಾದರೆ 100ರಲ್ಲಿ 20.9 ಕಡಿಮೆಯಾಗಬೇಕು.

ಕೊಟ್ಟಿಗೆಹಾರದ ಮಳೆ

ಗಾಳಿ, ನಕ್ಷತ್ರ ಸರಿ. ಕಲ್ಲಿನಲ್ಲಿ ಎಂದೂ ಉಳಿಯದ ಇನ್ನೊಂದಿದೆ: ಸದ್ದು ಮತ್ತು ನಡವಳಿಕೆ. ನಮ್ಮ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, 1937ರಲ್ಲಿ ಸಿ. ಆರ್. ನಾರಾಯಣರಾಯರು ವಿವರಿಸಿದ್ದು. ತೊರೆಯ ಬಂಡೆಯ ಮೇಲೆ ಕೂತು ಗಂಡು ಹಿಂಗಾಲು ಚಾಚಿ ಬೆರಳು ಅರಳಿಸುತ್ತದೆ. ನೀರಿನ ಮೊರೆತದಲ್ಲಿ ಕೂಗು ಕೇಳದ ಕಡೆ ಕಾಲಿನಿಂದ ಮಾತು. ಈ ವಂಶ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಭಾರತ ಒಂಟಿ ದ್ವೀಪವಾಗಿ ತೇಲುತ್ತಿದ್ದ ಕಾಲದಿಂದ ಬಂದದ್ದು. ಡೆಕ್ಕನ್ ಲಾವಾ ಉಕ್ಕಿದಾಗ ಇದರ ಪೂರ್ವಜರು ಎಲ್ಲಿ ಬದುಕಿಕೊಂಡವು, ಕಾಲು ಚಾಚುವ ಅಭ್ಯಾಸ ಆಗಲೇ ಇತ್ತೇ ಎಂದು ಯಾವ ಮೂಳೆಯೂ ಹೇಳುವುದಿಲ್ಲ. ನಾನು ಹೋಗುವುದಾದರೆ 6.6 ಕೋಟಿ ವರ್ಷದ ಹಿಂದಿನ ಒಂದು ತೊರೆಯ ಪಕ್ಕಕ್ಕೆ.

ಸದ್ದು ಹಿಡಿಯಲು 48 ಕಿಲೋಹರ್ಟ್ಜ್, 24 ಬಿಟ್, ಒಂದೇ ಚಾನೆಲ್. ಪ್ರತಿ ಗಂಟೆಯ ಮೊದಲ 5 ನಿಮಿಷ ಮಾತ್ರ. ದಿನಕ್ಕೆ 2 ಗಂಟೆ, ಸುಮಾರು 1 ಜಿಬಿ. 128 ಜಿಬಿ ಕಾರ್ಡಿನಲ್ಲಿ ಒಂದು ಮಳೆಗಾಲ ಪೂರ್ತಿ ಹಿಡಿಯಬಹುದು. ಮೈಕನ್ನು ನೀರಿನ ಮೇಲೆ ಕಟ್ಟಬೇಡಿ, ದಂಡೆಯಿಂದ 5 ಮೀಟರ್ ಒಳಗೆ, ಒಂದೂವರೆ ಮೀಟರ್ ಎತ್ತರದಲ್ಲಿರಲಿ. ಮೇಲೆ ತಗಡು ಮುಚ್ಚಿದರೆ ಮಳೆಹನಿಯ ಸದ್ದೇ ತುಂಬಿಕೊಳ್ಳುತ್ತದೆ. ತಗಡಿನ ಮೇಲೆ ಎರಡು ಬೆರಳು ದಪ್ಪ ತೆಂಗಿನ ನಾರು ಹಾಸಿದರೆ ತಡೆಯುತ್ತದೆ.

ಡಿಎನ್‌ಎ ಮಾದರಿಗೆ ಅಕ್ಕಿಕಾಳಿನಷ್ಟು ಮಾಂಸ, ಅದರ ಹತ್ತು ಪಟ್ಟು 95 ಶೇಕಡಾ ಆಲ್ಕೋಹಾಲ್. 24 ಗಂಟೆ ಕಳೆದ ಮೇಲೆ ಆಲ್ಕೋಹಾಲ್ ಬದಲಿಸಲೇಬೇಕು, ಮಾಂಸದ ನೀರು ಸೇರಿ ಅದು ತೆಳುವಾಗಿರುತ್ತದೆ. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನು ಪ್ರೋಟೀನಿಗೆ ಬೆಸೆದುಬಿಡುತ್ತದೆ. ಚೀಟಿ ಪೆನ್ಸಿಲಿನಲ್ಲಿ ಬರೆದು ಕೊಳವೆಯ ಒಳಗೇ ಹಾಕಿ, ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಈವರೆಗೆ ಸಿಕ್ಕಿರುವ ಅತಿ ಹಳೆಯ ಡಿಎನ್‌ಎ ಗ್ರೀನ್‌ಲ್ಯಾಂಡಿನ ಹಿಮದ ಮಣ್ಣಿನದ್ದು, ಸುಮಾರು 20 ಲಕ್ಷ ವರ್ಷ ಹಳೆಯದು. ನಮ್ಮ ಬಿಸಿ, ತೇವದ ನೆಲದಲ್ಲಿ ಅಷ್ಟೂ ಬಾಳುವುದಿಲ್ಲ.

ಹೇಮಾವತಿ ದಂಡೆ

ಹುಲ್ಲು ಆ ಕಾಲದಲ್ಲಿ ಇತ್ತೇ? ಗಿರಿಯ ಮೇಲಿನ ಬೋಳುಗುಡ್ಡ ಆಗಲೂ ಹಾಗೇ ಇತ್ತೇ?

ಗಿರಿಶ್ರೇಣಿ

ಎರಡು ಬೇರೆ ಪ್ರಶ್ನೆ ಅವು. ಹುಲ್ಲು ಇತ್ತು. ಪಿಸ್ದೂರದ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಸಿಲಿಕಾ ಕಣಗಳು ಸಿಕ್ಕಿವೆ, 2005ರಲ್ಲಿ ಪ್ರಕಟವಾಯಿತು. ಆಮೇಲೆ ಭತ್ತದ ಕುಲಕ್ಕೆ ಹತ್ತಿರದ ಕಣಗಳೂ ಕಂಡವು.

ಮುಳ್ಳಯ್ಯನಗಿರಿಯ ಹುಲ್ಲುಗಾವಲು ಬಹಳ ಈಚಿನ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. 1,930 ಮೀಟರಿನ ಆ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಸಂದಿಯಲ್ಲಿ ಶೋಲೆ ಕಾಡು. ಹುಲ್ಲು ತಾನಾಗಿ ಇರುವುದೇ, ಮನುಷ್ಯ ಬೆಂಕಿ ಹಾಕಿ ಉಳಿಸಿದ್ದೇ? ನೀಲಗಿರಿಯ ಜೌಗುಮಣ್ಣಿನ ಕಾರ್ಬನ್-13 (ಇಂಗಾಲದ ಸ್ವಲ್ಪ ಭಾರದ ರೂಪ) ಅಧ್ಯಯನ ಹೇಳುವುದು, ಸುಮಾರು 20,000 ವರ್ಷದ ಹಿಂದಿನ ಶೀತಕಾಲದಲ್ಲಿ ಹುಲ್ಲು ಹೆಚ್ಚಿತ್ತು ಎಂದು. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 190 ಭಾಗದ ಆಸುಪಾಸು, ಅದು ಬಿಸಿಲುನಾಡಿನ ಹುಲ್ಲಿಗೆ ಅನುಕೂಲ, ಮರಕ್ಕೆ ಕಷ್ಟ. ಗೊತ್ತುಮಾಡಿದ ಮಾದರಿಗೆ ಹೋಲಿಸಿ ಸಾವಿರಕ್ಕೆ ಎಷ್ಟು ಎಂದು ಹೇಳಿದರೆ, ಮರದ ಎಲೆಯ ಕಾರ್ಬನ್-13 ಸುಮಾರು ಮೈನಸ್ 27, ಆ ಹುಲ್ಲಿನದು ಮೈನಸ್ 12. ಮಣ್ಣು ಎರಡನ್ನೂ ಬೆರೆಸಿ ಒಂದೇ ಅಂಕಿ ಕೊಡುತ್ತದೆ. ಆದರೆ ಬೆಂಕಿ ಸಿಡಿಲಿನದೋ ಮನುಷ್ಯನದೋ ಎಂದು ಇದ್ದಿಲು ಹೇಳುವುದಿಲ್ಲ. ಅದಕ್ಕೇ ಹೋಗಬೇಕು.

20,000 ವರ್ಷ ಹಿಂದೆ ಹೋದವರು ಕನಿಷ್ಠ ಎರಡು ಬೇಸಿಗೆ ಅಲ್ಲಿರಬೇಕು. ಶೋಲೆಯ ಅಂಚಿನಿಂದ ಹುಲ್ಲಿನೊಳಕ್ಕೆ 50 ಮೀಟರ್ ಹಗ್ಗ ಎಳೆದು, ಪ್ರತಿ 5 ಮೀಟರಿಗೆ ಒಂದು ಚದರ ಮೀಟರಿನಲ್ಲಿ ಮರದ ಸಸಿ ಎಣಿಸಿ ಗೂಟ ನೆಡಿ. ಬೆಂಕಿ ಬಿದ್ದ ಪ್ರತಿ ಸಲ ದಿನ, ಶುರುವಾದ ಜಾಗ, ಹಿಂದಿನ ರಾತ್ರಿ ಗುಡುಗು ಸಿಡಿಲು ಇತ್ತೇ ಎಂದು ಬರೆಯಿರಿ. ಮಾರ್ಚಿನಲ್ಲಿ, ಮೋಡವೇ ಇಲ್ಲದ ದಿನ ಕಣಿವೆಯ ಕೆಳಗಿನಿಂದ ಬೆಂಕಿ ಎದ್ದರೆ ಕೈ ಮನುಷ್ಯನದು. ಏಪ್ರಿಲ್ ಕೊನೆಯ ಗುಡುಗಿನ ಜೊತೆ ನೆತ್ತಿಯಿಂದ ಎದ್ದರೆ ಸಿಡಿಲಿನದು. ಹುಲ್ಲು ಸುಟ್ಟ ಮೇಲೆ ಸಸಿಗಳ ಗೂಟ ಮತ್ತೆ ಎಣಿಸಿದರೆ, ಮರವನ್ನು ತಡೆಯುತ್ತಿರುವುದು ಬೆಂಕಿಯೋ ಗಾಳಿಯೋ ತಿಳಿಯುತ್ತದೆ. ಇವತ್ತು ಆ ಗುಡ್ಡದ ಮೇಲೆ ಸಸಿ ನೆಡಬೇಕೇ ಬೇಡವೇ ಎಂಬ ಜಗಳಕ್ಕೂ ಉತ್ತರ ಇದರಲ್ಲೇ ಇದೆ.

ಅರಸೀಕೆರೆ ಬಯಲು

ಮನುಷ್ಯರ ಮಾತು ಬಂತಲ್ಲ, ಅಲ್ಲಿಗೇ ಬರುತ್ತೇನೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ. ಮಳೆ ಸುಣ್ಣವನ್ನೆಲ್ಲ ತೊಳೆದಿರುತ್ತದೆ. ಬೆತ್ತ, ಬಿದಿರು, ನಾರು, ತೊಗಲು ಯಾವುದೂ ನಿಲ್ಲುವುದಿಲ್ಲ, ಕಲ್ಲಿನ ಉಪಕರಣ, ಮಡಕೆಚೂರು, ಇದ್ದಿಲು ಉಳಿಯುತ್ತವೆ. ಬಳ್ಳಾರಿಯ ಒಣನೆಲದ ಬೂದಿದಿಬ್ಬಗಳಲ್ಲಿ (ಹಿಂದಿನವರು ಸಗಣಿ ಸುಟ್ಟು ಆದ ದಿಬ್ಬ) ದನದ ಮೂಳೆ, ಗೊರಸಿನ ಗುರುತು ಎಲ್ಲ ಸಿಗುತ್ತದೆ ಎಂದು, ಮಲೆನಾಡಿನಲ್ಲಿ ಜನವೇ ಇರಲಿಲ್ಲ ಅಂದುಕೊಳ್ಳುವುದು ತಪ್ಪು.

4,000 ವರ್ಷದ ಹಿಂದಕ್ಕೆ ಹೋದರೆ ಮೊದಲ ಕೆಲಸ ಕಾಳು. ಆ ಕಾಲದ ದಕ್ಷಿಣದವರು ಬೆಳೆದದ್ದು ಹುರುಳಿ, ಹೆಸರು, ಕೊರಲೆ. ಕಾಡುಹುರುಳಿ ಯಾವಾಗ ಊರಹುರುಳಿಯಾಯಿತು ಎಂದು ಸಿಪ್ಪೆಯ ದಪ್ಪದಿಂದ ಹೇಳುತ್ತಾರೆ. ಅಲ್ಲಿದ್ದವರಿಗೆ ಸುಲಭದ ದಾರಿ ಇದೆ: 100 ಕಾಳು ಎಣಿಸಿ 24 ಗಂಟೆ ನೆನೆಹಾಕಿ, ಊದದೆ ಕಲ್ಲಾಗಿ ಉಳಿದವನ್ನು ಎಣಿಸಿ. ಹೆಚ್ಚು ಉಳಿದರೆ ಇನ್ನೂ ಕಾಡಿನದು. ಒಂದೇ ಮನೆಯ ಕಾಳು ಸಾಲದು, ಬೇರೆ ಬೇರೆ ಹಟ್ಟಿಯ ಹತ್ತು ಮಾದರಿ ಬೇಕು.

ಎರಡನೆಯದು ಮಾತು. ದ್ರಾವಿಡ ಭಾಷೆಗಳ ಮೂಲ ಸುಮಾರು 4,500 ವರ್ಷದ್ದು ಎಂದು ಲೆಕ್ಕ ಹಾಕಿದ್ದಾರೆ. ಅದನ್ನು ಕಿವಿಯಿಂದ ಕೇಳಿದವರು ಈಗ ಯಾರಿದ್ದಾರೆ? 200 ಪದದ ಪಟ್ಟಿ ಸಾಕು: ನೀರು, ಬೆಂಕಿ, ಕಣ್ಣು, ಒಂದು, ಎರಡು, ನಾನು, ನೀನು. ಬೆರಳು ಮಾಡಿ ಕೇಳಿದರೆ ಮೋಸ ಹೋಗುತ್ತೀರಿ. ಕೈ ತೋರಿಸಿದರೆ ಒಬ್ಬರು 'ಬೆರಳು' ಅನ್ನುತ್ತಾರೆ, ಒಬ್ಬರು 'ನಿನ್ನದು' ಅನ್ನುತ್ತಾರೆ, ಇನ್ನೊಬ್ಬರು 'ಅದು' ಅನ್ನುತ್ತಾರೆ. ಅದೇ ಪದವನ್ನು ಮೂರು ಜನರ ಬಾಯಲ್ಲಿ, ಮೂರು ಬೇರೆ ದಿನ ಕೇಳಿ. 'ನಾನು', 'ನೀನು' ಪಟ್ಟಿ ಹಿಡಿದು ಕೇಳಿದರೆ ಸಿಗುವುದಿಲ್ಲ, ಮಕ್ಕಳ ಜಗಳ ಕೇಳಿಸಿಕೊಂಡರೆ ಸಿಗುತ್ತದೆ.

ಹತ್ತಿರ ಹೋಗುವ ಮೊದಲು 21 ದಿನ ದೂರ ಇರಬೇಕು, ಇದರಲ್ಲಿ ಸಡಿಲ ಕೂಡದು. ದಡಾರದಂಥ ರೋಗ ಬಾಳಲು ಲಕ್ಷಗಟ್ಟಲೆ ಜನ ಒಟ್ಟಿಗಿರಬೇಕು. ಹಟ್ಟಿಯ ಜನರ ಮೈಗೆ ಅದರ ಪರಿಚಯವೇ ಇರುವುದಿಲ್ಲ. ನಮ್ಮ ನೆಗಡಿಯೊಂದೇ ಒಂದು ಹಟ್ಟಿಯನ್ನು ಖಾಲಿ ಮಾಡಬಹುದು.

ಹೇಮಾವತಿ ದಂಡೆ

ವಾಪಸು ಬರಲಾಗದಿದ್ದರೆ ಇಷ್ಟೆಲ್ಲ ಬರೆದದ್ದನ್ನು ಎಲ್ಲಿ ಇಡುವುದು? ಬೇಲೂರಿನ ಬಳಪದ ಕಲ್ಲಿನಲ್ಲಿ ಕೆತ್ತಿದ್ದು 900 ವರ್ಷ ಉಳಿದಿದೆ.

ಗೊರೂರು ಕಲ್ಲು

4,000 ವರ್ಷಕ್ಕೆ ಬಳಪದ ಕಲ್ಲು ನಡೆಯುತ್ತದೆ, ಮಳೆ ತಾಗದ ಬಂಡೆಯ ಅಡಿಯಲ್ಲಿಟ್ಟರೆ. 20,000 ವರ್ಷಕ್ಕೆ ಸುಟ್ಟ ಜೇಡಿಯ ಹಲಗೆ ವಾಸಿ. 6.6 ಕೋಟಿ ವರ್ಷಕ್ಕೆ ಹಾಸನದ ನೆಲದಲ್ಲಿ ಏನನ್ನು ಹೂತರೂ ವ್ಯರ್ಥ, ನೆಲವೇ ತೊಳೆದುಹೋಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಸವೆಯುವ ಕಡೆ ಬಿಟ್ಟು ಹೂಳು ತುಂಬುವ ಕಡೆಗೆ ಹೋಗಬೇಕು. ಆಗ ಸಮುದ್ರದ ಅಂಚಿನಲ್ಲಿದ್ದ, ಈಗ ಪದರ ಉಳಿದಿರುವ ಅರಿಯಲೂರಿನ ಜಾಗ ಸರಿ. ಪೂರ್ವಕ್ಕೆ ಹರಿಯುವ ಹೊಳೆ ಹಿಡಿದು ನಡೆಯಿರಿ.

ಗಾಜು ಬೇಡ, ಕಾಲಾಂತರದಲ್ಲಿ ನೀರು ಹೀರಿ ಪುಡಿಯಾಗುತ್ತದೆ. ಕಬ್ಬಿಣ ಬೇಡವೇ ಬೇಡ. ಚಿನ್ನದ ತಗಡು ಒಯ್ಯಿರಿ, ಅರ್ಧ ಮಿ.ಮೀ. ದಪ್ಪ. ಕೋಲಾರ, ಹಟ್ಟಿ ಗಣಿಗಳ ಬೆಣಚುಕಲ್ಲಿನಲ್ಲಿ ಚಿನ್ನ 250 ಕೋಟಿ ವರ್ಷ ಚಿನ್ನವಾಗಿಯೇ ಕೂತಿದೆ. ಮೆತ್ತಗಿರುವುದರಿಂದ ಮೇಲಿನ ಹೂಳಿನ ಭಾರಕ್ಕೆ ಗೆರೆ ಅಳಿಸಿಹೋಗುತ್ತದೆ, ಅದಕ್ಕೆ ಗೀರುವ ಬದಲು ಉಳಿಯಿಂದ ಆರುಪಾರು ತೂತು ಕೊರೆದು ಅಂಕಿ ಬರೆಯಿರಿ. ಎರಡು ಬೆಣಚುಕಲ್ಲಿನ ಹಲಗೆಯ ನಡುವೆ ಇಟ್ಟು, ಅಲೆ ಹೊಡೆಯುವ ಮರಳಿನಲ್ಲಲ್ಲ, ನಿಂತ ನೀರಿನ ಕಪ್ಪು ಕೆಸರಿನಲ್ಲಿ ಇಳಿಸಿ.

ರಾತ್ರಿ ಆಕಾಶ

ತಗಡಿನಲ್ಲಿ ಜಾಗ ಕಡಿಮೆ. ಮೊದಲ ಸಾಲಿಗೆ ಒಂದು ವರ್ಷದ ದಿನಗಳ ಎಣಿಕೆ ಇರಲಿ, ಒಂದು ದಿನಕ್ಕೆ ಒಂದು ತೂತು. 372 ತೂತು ಕಂಡವರಿಗೆ ಲಿಪಿ ಗೊತ್ತಿಲ್ಲದಿದ್ದರೂ ಕಾಲ ಗೊತ್ತಾಗುತ್ತದೆ. ಎರಡನೇ ಸಾಲಿಗೆ ಮಲ್ಲಂದೂರು ಮೇಡಂ ಅವರ ಆಮ್ಲಜನಕ, 100ರಲ್ಲಿ ಎಷ್ಟು ಎಂದು.

ಕೊಟ್ಟಿಗೆಹಾರದ ಮಳೆ

ಮೂರನೆಯದರಲ್ಲಿ ಕಪ್ಪೆಯ ಕೂಗಿಗೂ ಜಾಗ ಬಿಡಿ. ಒಂದು ಕೂಗಿನಲ್ಲಿ ಎಷ್ಟು ಮಿಡಿತ, ನಡುವೆ ಎಷ್ಟು ಅಂತರ ಎಂಬುದನ್ನು ತೂತುಗಳ ಅಂತರದಲ್ಲೇ ತೋರಿಸಬಹುದು.